ಶುಗರ್ ಇರುವ ಅಮ್ಮನಿಗೆ ಫೋನಿನ ಡಾಕ್ಟರು ಸಾಕಾ?

ಪ್ರಶ್ನೆ: ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಅಮ್ಮನಿಗೆ 67 ವರ್ಷ, ಶುಗರ್ ಶುರುವಾಗಿ 14 ವರ್ಷ ಆಯಿತು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ ಇದೆ. ಕಳೆದ ವರ್ಷದಿಂದ ಬೆಳಿಗ್ಗೆ, ರಾತ್ರಿ ಮಿಕ್ಸ್ ಇನ್ಸುಲಿನ್ (ಬೇಗ ಕೆಲಸ ಮಾಡುವುದು, ನಿಧಾನಕ್ಕೆ ಮಾಡುವುದು ಎರಡೂ ಸೇರಿದ್ದು) ಕೂಡ ಕೊಡುತ್ತಿದ್ದೇವೆ. ಮೂರು ತಿಂಗಳಿಗೊಮ್ಮೆ ಮಂಗಳೂರಿಗೆ ಕರೆದುಕೊಂಡು ಹೋಗುತ್ತೇವೆ. ಕಾರಿನ ಬಾಡಿಗೆ ಬೇರೆ, ಒಂದು ದಿನದ ತೋಟದ ಕೆಲಸ ಬೇರೆ. ಡಾಕ್ಟರು ನೋಡುವುದು ಐದೇ ನಿಮಿಷ. ಈ ಮಳೆಗಾಲದಲ್ಲಿ ಹೋಗಲು ಆಗಲಿಲ್ಲ. ಈಗ ಶುಗರಿನ ಸರಾಸರಿ ಹೇಳುವ ಎಚ್‌ಬಿಎ1ಸಿ ರಕ್ತಪರೀಕ್ಷೆಯಲ್ಲಿ 8.9 ಬಂದಿದೆ. ಶಾರ್ಜಾದಲ್ಲಿರುವ ತಮ್ಮ ಒಂದು ಆ್ಯಪಿನ ಡಾಕ್ಟರನ್ನು ಗೊತ್ತು ಮಾಡೋಣ ಅನ್ನುತ್ತಾನೆ. ಇಲ್ಲಿನ ಕುಟುಂಬಾರೋಗ್ಯ ಕೇಂದ್ರದ ಸಿಸ್ಟರ್ ‘ಸರಕಾರದ ವಿಡಿಯೋ ಡಾಕ್ಟರ ಸೇವೆ ಇ-ಸಂಜೀವನಿಯಲ್ಲಿ ಕನೆಕ್ಟ್ ಮಾಡಿ ಕೊಡುತ್ತೇನೆ, ಬನ್ನಿ’ ಅಂದಿದ್ದಾರೆ. ಅಮ್ಮನಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಭಾಷೆ ಅಷ್ಟಾಗಿ ಬರುವುದಿಲ್ಲ. ಫೋನಿನಲ್ಲಿ ಶುಗರ್ ನೋಡಿಕೊಳ್ಳಲು ಆಗುತ್ತದಾ? ಮಂಗಳೂರು ಬಿಡಬಹುದಾ? ತೋಳಿಗೆ ಅಂಟಿಸುವ ಸೆನ್ಸರ್ ತೆಗೆದುಕೊಂಡರೆ ಒಳ್ಳೆಯದಾ?

ಉತ್ತರ: ಆಗುತ್ತದೆ. ದೂರದಿಂದ ನೋಡಿಕೊಳ್ಳಬಹುದಾದ ಕಾಯಿಲೆಗಳಲ್ಲಿ ಶುಗರ್ ಮೇಲಿನ ಸಾಲಿನಲ್ಲೇ ಇದೆ. ಹೊಟ್ಟೆನೋವಾದರೆ ಡಾಕ್ಟರು ಮುಟ್ಟಿ ನೋಡಬೇಕು. ಕೆಮ್ಮಾದರೆ ಎದೆಗೆ ಸ್ಟೆತಸ್ಕೋಪ್ ಇಡಬೇಕು. ಶುಗರಿನಲ್ಲಿ ಮದ್ದು ಏರಿಸುವುದು, ಇಳಿಸುವುದು ಹೆಚ್ಚಾಗಿ ಅಂಕಿ ನೋಡಿ, ಆ ಅಂಕಿ ಮನೆಯಲ್ಲೇ ಸಿಗುತ್ತದೆ. ನಿಮ್ಮ ಮುಂದೆ ಮೂರು ದಾರಿ ಇದೆ: ಮಂಗಳೂರು, ತಮ್ಮನ ಆ್ಯಪ್, ಊರಿನ ಸಿಸ್ಟರ್. ನಾನಾದರೆ ಸಿಸ್ಟರ್ ಹತ್ತಿರ ಶುರು ಮಾಡುತ್ತೇನೆ. ಯಾಕೆ ಅಂತ ಹೇಳಲು ಸ್ವಲ್ಪ ಉದ್ದಕ್ಕೆ ಬರೆಯಬೇಕಾಗುತ್ತದೆ.

ಮೊದಲು, ಈ ಪದ್ಧತಿಯಿಂದ ಎಷ್ಟು ಉಪಕಾರ ಅಂತ ನೋಡೋಣ. 2017ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. ಬೇರೆ ಬೇರೆ ದೇಶಗಳ 111 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ್ದರು. ದೂರದಿಂದ ಸಲಹೆ ಪಡೆದವರ ಎಚ್‌ಬಿಎ1ಸಿ ಮೊದಲ ಮೂರು ತಿಂಗಳಲ್ಲಿ, ಮಾಮೂಲಿ ಚಿಕಿತ್ಸೆಯವರಿಗಿಂತ ಅರ್ಧ ಪಾಯಿಂಟಿಗೂ ಸ್ವಲ್ಪ ಜಾಸ್ತಿ ಇಳಿದಿತ್ತು. ವರ್ಷದ ಹೊತ್ತಿಗೆ ಆ ಅಂತರ ಕಾಲು ಪಾಯಿಂಟಿನ ಆಸುಪಾಸಿಗೆ ಬಂದಿತ್ತು. ಅಂದರೆ ಲಾಭ ಇದೆ, ಆದರೆ ಪವಾಡ ಏನಿಲ್ಲ. ಶುರುವಿನ ಹುಮ್ಮಸ್ಸು ಆಮೇಲೆ ಇಳಿಯುತ್ತದೆ. ಮೊದಲ ತಿಂಗಳು ಎಲ್ಲರೂ ಶುಗರ್ ನೋಡಿ ಬರೆದಿಡುತ್ತಾರೆ. ಆರನೇ ತಿಂಗಳಿಗೆ ಪುಸ್ತಕ ಅಟ್ಟ ಸೇರುತ್ತದೆ.

ನಮ್ಮ ದೇಶದ್ದೇ ಒಂದು ಉದಾಹರಣೆ ನನಗೆ ಇದಕ್ಕಿಂತ ಜಾಸ್ತಿ ಇಷ್ಟ. ತಮಿಳುನಾಡಿನ ಚುನಾಂಪೇಟ್ ಎಂಬಲ್ಲಿ, ಸುತ್ತಲಿನ 42 ಹಳ್ಳಿಗಳಿಗೆ ಚೆನ್ನೈನ ಮಧುಮೇಹ ತಜ್ಞರು ಒಂದು ವ್ಯಾನ್ ಕಳಿಸಿದ್ದರು. ಇಸ್ರೋದ ಉಪಗ್ರಹದ ಮೂಲಕ ಅದಕ್ಕೆ ಚೆನ್ನೈ ಜೊತೆ ಸಂಪರ್ಕ. ಕಣ್ಣಿನ ಫೋಟೋ ತೆಗೆಯುವ ಕ್ಯಾಮೆರಾ ವ್ಯಾನಿನಲ್ಲೇ ಇತ್ತು. ಜೊತೆಗೆ ಹಳ್ಳಿಯಲ್ಲೇ ಒಂದು ಸಣ್ಣ ಕ್ಲಿನಿಕ್ ತೆರೆದು ಸ್ಥಳೀಯರಿಗೆ ತರಬೇತಿ ಕೊಟ್ಟರು. ಒಂದು ವರ್ಷದಲ್ಲಿ ಅಲ್ಲಿನ ಶುಗರ್ ರೋಗಿಗಳ ಸರಾಸರಿ ಎಚ್‌ಬಿಎ1ಸಿ 9.3ರಿಂದ 8.5ಕ್ಕೆ ಬಂತು. ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗಿ ಬಂದದ್ದು 100ರಲ್ಲಿ 5 ಜನಕ್ಕಿಂತ ಕಡಿಮೆ. ಉಪಗ್ರಹದ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಕೆಲಸ ನಡೆದದ್ದು ಆ ಊರಲ್ಲೇ ಇದ್ದ ತರಬೇತಿ ಪಡೆದವರಿಂದ. ಅಂಕಿ ತೆಗೆದುಕೊಡುವವರು, ಮದ್ದು ಬದಲಾದ ಮೇಲೆ ಮನೆಗೆ ಬಂದು ವಿಚಾರಿಸುವವರು ಅವರೇ. ನಿಮ್ಮ ಕೇಂದ್ರದ ಸಿಸ್ಟರ್ ಮತ್ತು ಆಶಾ ಕಾರ್ಯಕರ್ತೆ ನಿಮಗೆ ಆ ಜಾಗದಲ್ಲಿದ್ದಾರೆ. ಆ್ಯಪಿನ ಡಾಕ್ಟರು ಎಷ್ಟೇ ಜಾಣರಾದರೂ ನಿಮ್ಮ ಅಂಗಳಕ್ಕೆ ಬರುವುದಿಲ್ಲ ಅಲ್ವಾ?

ಇನ್ನೊಂದು ಕಾರಣವೂ ಇದೆ. 2023ರಲ್ಲಿ ಪ್ರಕಟವಾದ, ದೇಶದ ಎಲ್ಲ ಕಡೆ ಶುಗರ್ ಎಷ್ಟಿದೆ ಅಂತ ನೋಡಿದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಕೇರಳದ ವಯಸ್ಕರಲ್ಲಿ ಶೇ 25.5 ಮಂದಿಗೆ ಶುಗರ್ ಇದೆ. ನಾಲ್ವರಲ್ಲಿ ಒಬ್ಬರಿಗೆ! ಹಾಗಾಗಿ ಕುಟುಂಬಾರೋಗ್ಯ ಕೇಂದ್ರದವರಿಗೆ ಇದು ದಿನಾ ಮಾಡುವ ಕೆಲಸ. ಕುಚ್ಚಲಕ್ಕಿ ಗಂಜಿ ಎಷ್ಟು ಬಟ್ಟಲು ಹೊಟ್ಟೆಗೆ ಹೋಗುತ್ತದೆ, ಹಲಸಿನ ಕಾಲದಲ್ಲಿ ಅಂಕಿ ಹೇಗೆ ಹಾರುತ್ತದೆ, ಅಡಿಕೆ ಕೊಯ್ಲಿನ ದಿನ ಮಧ್ಯಾಹ್ನದ ಊಟ ಮೂರು ಗಂಟೆಗೆ ಯಾಕೆ ಆಗುತ್ತದೆ ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೂರದ ಊರಿನ ಡಾಕ್ಟರು ಓಟ್ಸ್ ತಿನ್ನಿ, ಚಪಾತಿ ತಿನ್ನಿ ಅನ್ನುತ್ತಾರೆ. ಅಮ್ಮ ಹೂಂ ಅನ್ನುತ್ತಾರೆ. ರಾತ್ರಿ ಗಂಜಿಯೇ ಬೇಯುತ್ತದೆ.

ಈಗ ಆ 8.9ರ ವಿಷಯ. ಇದು ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಪರೀಕ್ಷೆ. 8.9 ಅಂದರೆ ಸರಾಸರಿ ಶುಗರ್ ಸುಮಾರು 210. 7 ಅಂದರೆ ಸುಮಾರು 154. ನಿಮ್ಮ ಅಮ್ಮನ ವಯಸ್ಸಿಗೆ, ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್ ಎರಡೂ ಇರುವಾಗ, 6.5ಕ್ಕೆ ಇಳಿಸಬೇಕು ಅಂತ ಹಟ ಹಿಡಿಯುವುದು ಅಪಾಯ. ಶುಗರ್ ಲೋ ಆಗಿ ಬಿದ್ದು ಸೊಂಟ ಮುರಿದರೆ ಯಾವ ಒಳ್ಳೆಯ ಅಂಕಿಯೂ ಉಪಯೋಗಕ್ಕೆ ಬರುವುದಿಲ್ಲ. ಬೇರೆ ದೊಡ್ಡ ಕಾಯಿಲೆ ಇಲ್ಲದಿದ್ದರೆ 7ರಿಂದ 7.5ರ ಒಳಗೆ, ಹೃದಯ, ಕಿಡ್ನಿ ತೊಂದರೆ ಇದ್ದರೆ 8ರ ಒಳಗೆ ಬಂದರೆ ಸಾಕು ಅಂತ ಹೆಚ್ಚಿನ ಡಾಕ್ಟರುಗಳು ಒಪ್ಪುತ್ತಾರೆ. ನಿಮ್ಮ ಗುರಿ ಎಷ್ಟು ಅಂತ ಮೊದಲ ಕರೆಯಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಇದನ್ನು ಕೇಳುವವರೇ ಕಡಿಮೆ.

ಮೂರು ತಿಂಗಳಿಗೊಮ್ಮೆ ಐದು ನಿಮಿಷದ ಭೇಟಿ ಯಾಕೆ ಸಾಲುವುದಿಲ್ಲ ಗೊತ್ತಾ? ಇನ್ಸುಲಿನ್ ಸರಿಯಾದ ಅಳತೆಗೆ ಬರುವುದು ಸಣ್ಣ ಸಣ್ಣ ಬದಲಾವಣೆಯಿಂದ. ಒಮ್ಮೆಗೆ 2 ಯೂನಿಟ್ ಏರಿಸಿ, ಕೆಲವು ದಿನ ನೋಡಿ, ಮತ್ತೆ ಏರಿಸಬೇಕು, ಇಲ್ಲವೇ ನಿಲ್ಲಿಸಬೇಕು. ವರ್ಷಕ್ಕೆ ನಾಲ್ಕೇ ಸಲ ಭೇಟಿ ಆದರೆ ನಾಲ್ಕೇ ಸಲ ಬದಲಾವಣೆ. ಅದರಲ್ಲೂ ಡಾಕ್ಟರು ಹೆದರಿ ಕಡಿಮೆಯೇ ಏರಿಸುತ್ತಾರೆ. ಮುಂದಿನ ಮೂರು ತಿಂಗಳು ಏನಾಗುತ್ತದೋ ಯಾರಿಗೆ ಗೊತ್ತು! ಎರಡು ವಾರಕ್ಕೊಮ್ಮೆ ಹತ್ತು ನಿಮಿಷದ ಕರೆ ಇದ್ದರೆ ಈ ಹೆದರಿಕೆ ಹೋಗುತ್ತದೆ. ಟೆಲಿಹೆಲ್ತಿನ ನಿಜವಾದ ಲಾಭ ಇದೇ. ಕಾರಿನ ಬಾಡಿಗೆ ಉಳಿಯುವುದು ಆಮೇಲಿನ ಮಾತು.

ಆದರೆ ಬರಿಗೈಯಲ್ಲಿ ಮಾಡಿದ ಕರೆಯಿಂದ ಏನೂ ಆಗುವುದಿಲ್ಲ. ‘ಹೇಗಿದ್ದೀರಿ ಅಮ್ಮಾ?’ ‘ಚೆನ್ನಾಗಿದ್ದೇನೆ ಡಾಕ್ಟ್ರೇ.’ ‘ಸರಿ, ಅದೇ ಮದ್ದು ಮುಂದುವರಿಸಿ.’ ಇಂಥ ವಿಡಿಯೋ ಕಾಲ್ ನಾನು ಬೇಕಾದಷ್ಟು ನೋಡಿದ್ದೇನೆ. ಕರೆಗೆ ಮೊದಲು ಮೂರು ದಿನದ ಅಂಕಿ ಕೈಯಲ್ಲಿರಬೇಕು. ಮಿಕ್ಸ್ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮುಖ್ಯವಾದ ಹೊತ್ತು ಎರಡು. ಬೆಳಿಗ್ಗೆ ಖಾಲಿ ಹೊಟ್ಟೆಯದ್ದು, ರಾತ್ರಿ ಊಟಕ್ಕೆ ಮೊದಲಿನದ್ದು. ಬೆಳಗಿನ ಅಂಕಿ ಹಿಂದಿನ ರಾತ್ರಿಯ ಇನ್ಸುಲಿನ್ ಎಷ್ಟು ಕೆಲಸ ಮಾಡಿತು ಅಂತ ಹೇಳುತ್ತದೆ. ಸಂಜೆಯದ್ದು ಬೆಳಗಿನ ಡೋಸಿನ ಕಥೆ ಹೇಳುತ್ತದೆ. ಜೊತೆಗೆ ಒಂದು ದಿನ ಮಧ್ಯಾಹ್ನ ಊಟವಾಗಿ ಎರಡು ಗಂಟೆಯ ಮೇಲೆ ಒಮ್ಮೆ ನೋಡಿ. ಬೆಳಿಗ್ಗೆ ಎದ್ದಾಗ ತಲೆನೋವು, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು ಇದ್ದರೆ ರಾತ್ರಿ ಎರಡು-ಮೂರು ಗಂಟೆಗೂ ಒಮ್ಮೆ ನೋಡಬೇಕು. ಸ್ಟ್ರಿಪ್ಪಿಗೆ ದುಡ್ಡು ಬೀಳುತ್ತದೆ. ಹಾಗಾಗಿ ದಿನಾ ಬೇಕಾಬಿಟ್ಟಿ ಚುಚ್ಚುವುದಕ್ಕಿಂತ ಕರೆಗೆ ಮೊದಲಿನ ಮೂರು ದಿನ ಸರಿಯಾದ ಹೊತ್ತಿಗೆ ನೋಡುವುದೇ ಲಾಭ. ಡೋಸ್ ಬದಲಾದ ವಾರ ಮಾತ್ರ ಸ್ವಲ್ಪ ಜಾಸ್ತಿ ನೋಡಬೇಕಾಗುತ್ತದೆ.

ಚುಚ್ಚುವ ಮೊದಲು ಸಾಬೂನು ಹಾಕಿ ಕೈ ತೊಳೆದು ಒಣಗಿಸಿ. ಬಾಳೆಹಣ್ಣು ಸುಲಿದ ಕೈಯಲ್ಲಿ ನೋಡಿದರೆ 140 ಇರುವುದು 220 ತೋರಿಸಿದರೂ ತೋರಿಸೀತು. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಬೇಗ ಹಾಳಾಗುತ್ತದೆ. ಡಬ್ಬಿಯಿಂದ ಒಂದು ತೆಗೆದ ಕೂಡಲೇ ಮುಚ್ಚಳ ಹಾಕಿ. ಪ್ರತಿ ಸ್ಟ್ರಿಪ್ಪನ್ನೂ ಬೇರೆ ಡಬ್ಬಿಗೆ ಹಾಕಿಡುವ ಅಭ್ಯಾಸ ಬೇಡ. ಇನ್ನು, ಒಳ್ಳೆಯ ಮೀಟರಿನಲ್ಲೂ ಶೇ 15ರಷ್ಟು ಹೆಚ್ಚುಕಡಿಮೆ ಬರಬಹುದು. ಒಮ್ಮೆ 162, ಮತ್ತೊಮ್ಮೆ 178 ಬಂದರೆ ಮೀಟರ್ ಕೆಟ್ಟಿದೆ ಅಂತ ಬಿಸಾಡಬೇಡಿ.

ಅಂಕಿ ಬರೆಯಲು ಆ್ಯಪ್ ಬೇಕಾಗಿಲ್ಲ. ಶಾಲೆಯ ನೂರು ಪುಟದ ನೋಟ್‌ಬುಕ್ ಸಾಕು. ತಾರೀಕು, ಹೊತ್ತು, ಅಂಕಿ, ಎಷ್ಟು ಯೂನಿಟ್ ಹಾಕಿದ್ದು, ಆ ದಿನ ಏನಾದರೂ ವಿಶೇಷ. ಮದುವೆ ಊಟ, ನೇಮಕ್ಕೆ ರಾತ್ರಿಯಿಡೀ ನಿದ್ದೆ ಬಿಟ್ಟದ್ದು, ಏಕಾದಶಿ, ಶನಿವಾರದ ಒಪ್ಪತ್ತು, ಜ್ವರ, ಎಲ್ಲ ಆ ಕೊನೆಯ ಕಾಲಮಿಗೆ ಬರಬೇಕು. ಡಾಕ್ಟರಿಗೆ ಆ ಕಾಲಮ್ಮೇ ಬಂಗಾರ. ಪುಟದ ಫೋಟೋ ತೆಗೆದು ಕಳಿಸಿದರೆ ಆಯಿತು. ಬಿ.ಪಿ., ತೂಕ ಕೂಡ ಬೇಕು. ಅವೆರಡನ್ನು ಸಬ್ ಸೆಂಟರಿನಲ್ಲಿ ನೋಡಿಸಿ ಅದೇ ಪುಟದಲ್ಲಿ ಬರೆದರೆ ಸಾಕು. ಕೇರಳದಲ್ಲಿ ಈಗ ಸಬ್ ಸೆಂಟರಿನ ಬೋರ್ಡಿನಲ್ಲಿ ಜನಕೀಯ ಆರೋಗ್ಯ ಕೇಂದ್ರ ಅಂತ ಇರುತ್ತದೆ, ಹುಡುಕಾಡಬೇಡಿ, ಜಾಗ ಹಳೆಯದೇ.

ಇನ್ನೊಂದು ಕೆಲಸ ಮೊದಲ ಕರೆಗೆ ಮುಂಚೆ ಕಡ್ಡಾಯವಾಗಿ ಮಾಡಿ. ಮನೆಯಲ್ಲಿರುವ ಅಷ್ಟೂ ಮದ್ದನ್ನು ಮೇಜಿನ ಮೇಲೆ ಸುರಿಯಿರಿ. ಮಂಗಳೂರಿನದ್ದು, ಸರಕಾರಿ ಕೇಂದ್ರದ್ದು, ಹಳೆಯದು, ಕಷಾಯ, ಚೂರ್ಣ ಎಲ್ಲವೂ. ಗಡಿಭಾಗದಲ್ಲಿ ಎರಡು ಕಡೆ ಮದ್ದು ಮಾಡುವವರಿಗೆ ಬರುವ ದೊಡ್ಡ ಅಪಾಯ ಇಲ್ಲಿದೆ. ಮಂಗಳೂರಿನ ಚೀಟಿಯಲ್ಲಿ ಕಂಪನಿಯ ಹೆಸರು ಇರುತ್ತದೆ. ಒಂದೇ ಮಾತ್ರೆಯೊಳಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎರಡೂ ಸೇರಿರುತ್ತವೆ. ಸರಕಾರಿ ಕೇಂದ್ರದಲ್ಲಿ ಅವೇ ಎರಡು ಬೇರೆ ಬೇರೆ ಮಾತ್ರೆಯಾಗಿ, ಮೂಲ ಹೆಸರಿನಲ್ಲಿ, ಉಚಿತವಾಗಿ ಸಿಗುತ್ತವೆ. ಮನೆಯವರಿಗೆ ಇದು ಬೇರೆ ಮದ್ದು ಅಂತಲೇ ಅನಿಸುತ್ತದೆ. ಎರಡನ್ನೂ ನುಂಗಿಸುತ್ತಾರೆ. ಗ್ಲಿಮೆಪಿರೈಡ್ ಡಬಲ್ ಆದರೆ, ಅದರ ಮೇಲೆ ಇನ್ಸುಲಿನ್ ಬಿದ್ದರೆ, ವಯಸ್ಸಾದವರು ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಪ್ರತಿ ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರದ ಮೂಲ ಹೆಸರು ಕಾಣುವ ಹಾಗೆ ಫೋಟೋ ತೆಗೆಯಿರಿ. ಸಿಸ್ಟರ್ ಎದುರಿಗೆ ಒಂದೊಂದನ್ನೇ ಓದಿಸಿ. ಹಾಗೆಯೇ ಡಾಕ್ಟರಲ್ಲಿ ಕೇಳಿ: ಎರಡು ಹೊತ್ತು ಇನ್ಸುಲಿನ್ ಶುರುವಾದ ಮೇಲೂ ಗ್ಲಿಮೆಪಿರೈಡ್ ಬೇಕಾ? ಎಷ್ಟೋ ಜನರಿಗೆ ಕಡಿಮೆ ಮಾಡಬಹುದು, ನಿಲ್ಲಿಸಲೂಬಹುದು. ಆದರೆ ನೀವಾಗಿಯೇ ನಿಲ್ಲಿಸಲು ಹೋಗಬೇಡಿ.

ಇನ್ಸುಲಿನ್ ವಿಷಯದಲ್ಲಿ ಫೋನಿನಲ್ಲಿ ಮಾತಾಡುವಾಗ ಎಡವಟ್ಟಾಗುವ ಜಾಗ ಸಿರಿಂಜು. ಸರಕಾರಿ ಸರಬರಾಜಿನ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನ ಕಾರ್ಟ್ರಿಜ್, ಕೆಲವು ಖಾಸಗಿ ಬಾಟಲಿಗಳಲ್ಲಿ ಎಂ.ಎಲ್.ಗೆ 100 ಯೂನಿಟ್. ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಡಾಕ್ಟರು ಫೋನಿನಲ್ಲಿ ‘20 ಯೂನಿಟ್’ ಅಂದರು ಅಂತಿಟ್ಟುಕೊಳ್ಳಿ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 8 ಯೂನಿಟ್ ಮಾತ್ರ. ಶುಗರ್ ಇಳಿಯುವುದೇ ಇಲ್ಲ, ಡೋಸ್ ಏರಿಸುತ್ತಲೇ ಹೋಗುತ್ತಾರೆ. ತಿರುಗಾಮುರುಗಾ ಆಗಿ 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ. ಪ್ರಾಣಕ್ಕೇ ಕುತ್ತು. ಹಾಗಾಗಿ ಮೊದಲ ಕರೆ ವಿಡಿಯೋದಲ್ಲೇ ಇರಲಿ. ಬಾಟಲಿ ಮತ್ತು ಸಿರಿಂಜನ್ನು ಕ್ಯಾಮೆರಾಕ್ಕೆ ಹಿಡಿಯಿರಿ. ಅಮ್ಮ ಹೇಗೆ ಎಳೆಯುತ್ತಾರೆ, ಎಲ್ಲಿ ಚುಚ್ಚುತ್ತಾರೆ ಅಂತ ತೋರಿಸಿ. ಮಿಕ್ಸ್ ಇನ್ಸುಲಿನ್ ಬಾಟಲಿಯನ್ನು ಅಂಗೈಗಳ ನಡುವೆ ಹಗುರಕ್ಕೆ ಉರುಳಿಸಿ, ಎಲ್ಲ ಒಂದೇ ಹಾಲಿನ ಬಣ್ಣಕ್ಕೆ ಬಂದ ಮೇಲೆ ಎಳೆಯಬೇಕು. ಹಳೆಯ ಮಾದರಿಯ 30/70 ಮಿಕ್ಸ್ (ಬಾಟಲಿಯ ಮೇಲೆ ಹಾಗೆ ಬರೆದಿರುತ್ತದೆ) ಆದರೆ ಊಟಕ್ಕೆ ಅರ್ಧ ಗಂಟೆ ಮೊದಲು ಹಾಕಬೇಕು. ಈ ಎರಡು ಸರಿಯಾದರೆ ಡೋಸ್ ಮುಟ್ಟದೆಯೇ ಅಂಕಿ ಇಳಿಯುವುದುಂಟು. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟು ಕಟ್ಟಿದೆಯಾ ಅಂತ ಮಾತ್ರ ಕೈಯಿಂದ ಒತ್ತಿಯೇ ನೋಡಬೇಕು. ಅದನ್ನು ಸಿಸ್ಟರ್ ನೋಡಲಿ.

ಈಗ ಯಾರಿಗೆ ಕರೆ ಮಾಡುವುದು? 2020ರ ಮಾರ್ಚ್ 25ರಂದು ಕೇಂದ್ರ ಸರಕಾರ ಟೆಲಿಮೆಡಿಸಿನ್ ನಿಯಮಗಳನ್ನು ಹೊರಡಿಸಿತು. ಕೊರೋನಾದ ಅದೇ ದಿನಗಳಲ್ಲಿ ತಲಪಾಡಿ ಮತ್ತು ಒಳದಾರಿಗಳಲ್ಲಿ ಕರ್ನಾಟಕದ ಗಡಿ ಮುಚ್ಚಿ, ಮಂಗಳೂರಿಗೆ ಹೋಗಬೇಕಾದ ರೋಗಿಗಳು ಪಟ್ಟ ಪಾಡು ನಿಮಗೆ ನೆನಪಿರಬಹುದು. ವಿಷಯ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಒಂದೇ ದೂರದ ಆಸ್ಪತ್ರೆಯನ್ನು ನಂಬಿ ಕೂರಬಾರದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಆ ನಿಯಮಗಳ ಪ್ರಕಾರ ನೋಂದಣಿ ಇರುವ ಡಾಕ್ಟರು ದೇಶದ ಯಾವ ಮೂಲೆಯ ರೋಗಿಗೂ ಸಲಹೆ ಕೊಡಬಹುದು. ಅಂದರೆ ನಿಮ್ಮ ಮಂಗಳೂರಿನ ಡಾಕ್ಟರೇ ಫೋನಿನಲ್ಲಿ ನೋಡಲು ಒಪ್ಪಿದರೆ ರಾಜ್ಯದ ಗಡಿ ಅಡ್ಡಿ ಬರುವುದಿಲ್ಲ. ಮೊದಲು ಅವರನ್ನು ಕೇಳಿ ನೋಡಿ. ಆರು ತಿಂಗಳ ಒಳಗೆ ಅದೇ ಕಾಯಿಲೆಗೆ ಎದುರಿಗೆ ನೋಡಿದ್ದರೆ ಅದು ಮುಂದುವರಿದ ಚಿಕಿತ್ಸೆ ಅಂತ ಲೆಕ್ಕ. ಹಳೆಯ ಮದ್ದು ಮತ್ತೆ ಬರೆದುಕೊಡಲು, ಹೊಸದು ಸೇರಿಸಲು ಅವರಿಗೆ ಅವಕಾಶ ಜಾಸ್ತಿ.

ಇ-ಸಂಜೀವನಿ ಕೇರಳದಲ್ಲಿ 2020ರ ಜೂನಿನಿಂದ ಇದೆ, ಉಚಿತ. ಅದಕ್ಕೆ ಎರಡು ಬಾಗಿಲು. ಒಂದರಲ್ಲಿ ನೀವು ಮನೆಯಿಂದಲೇ ಮೊಬೈಲ್ ನಂಬರ್, ಒಟಿಪಿ ಹಾಕಿ ಟೋಕನ್ ತೆಗೆದು ಕಾಯಬೇಕು. ಯಾವ ಡಾಕ್ಟರು ಸಿಗುತ್ತಾರೋ ಅವರು. ಪ್ರತಿ ಸಲ ಬೇರೆಯವರು ಬರಬಹುದು, ಮಾತು ಮಲಯಾಳದಲ್ಲಿ ನಡೆಯಬಹುದು. ಜ್ವರ, ಕಜ್ಜಿಗೆ ಇದು ಸಾಕು. 14 ವರ್ಷದ ಶುಗರಿಗೆ ನನಗೆ ಅಷ್ಟು ಸಮಾಧಾನ ಇಲ್ಲ. ಇನ್ನೊಂದು ಬಾಗಿಲಿನಲ್ಲಿ ಆರೋಗ್ಯ ಕೇಂದ್ರದ ಸಿಬ್ಬಂದಿಯೇ ರೋಗಿಯ ಪಕ್ಕದಲ್ಲಿ ಕೂತು, ಅಂಕಿಗಳನ್ನು ಹಾಕಿ, ದೂರದ ಡಾಕ್ಟರನ್ನು ಸಂಪರ್ಕಿಸುತ್ತಾರೆ. ನಿಮ್ಮ ಸಿಸ್ಟರ್ ಹೇಳಿದ್ದು ಇದನ್ನೇ. ಅಮ್ಮ ತುಳುವಿನಲ್ಲಿ ‘ಕೈಕಾಲು ಉರಿ’ ಅಂದದ್ದನ್ನು ಆಚೆಗೆ ಸರಿಯಾಗಿ ಹೇಳುವವರು ಅಲ್ಲಿ ಇರುತ್ತಾರೆ. ಬಿ.ಪಿ. ಅಲ್ಲೇ ಆಗುತ್ತದೆ. ಬರೆದುಕೊಟ್ಟ ಮದ್ದು ದಾಸ್ತಾನಿನಲ್ಲಿದ್ದರೆ ಅಲ್ಲೇ ಸಿಗುತ್ತದೆ. ಕೇಂದ್ರದ ಡಾಕ್ಟರೂ ಆ ಚೀಟಿಯನ್ನು ನೋಡುತ್ತಾರೆ. ಮಾಮೂಲಿ ತಿಂಗಳಲ್ಲಿ ಕೇಂದ್ರದ ಡಾಕ್ಟರೇ ಸಾಕು. ಅಂಕಿ ಹಟ ಮಾಡಿದಾಗ ಮಾತ್ರ ದೂರದ ತಜ್ಞರು ಬೇಕಾಗುತ್ತಾರೆ.

ತಮ್ಮನ ಆ್ಯಪನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಅವನಿಗೆ ಹೀಗೆ ಕೇಳಿ: ಪ್ರತಿ ಸಲ ಅದೇ ಡಾಕ್ಟರು ಸಿಗುತ್ತಾರಾ? ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರುತ್ತದಾ? ಇರಲೇಬೇಕು, ಅದು ನಿಯಮ. ಅದೇ ಆ್ಯಪ್ ಮದ್ದು, ಪೌಡರ್, ಡಯಟ್ ಪ್ಯಾಕೇಜ್ ಕೂಡ ಮಾರುತ್ತದಾ? ಮಾರುತ್ತದೆ ಅಂದರೆ ನಾನು ಹುಬ್ಬು ಏರಿಸುತ್ತೇನೆ. ‘ಮೂರು ತಿಂಗಳಲ್ಲಿ ಇನ್ಸುಲಿನ್ ಬಿಡಿಸುತ್ತೇವೆ’ ಅಂತ ಜಾಹೀರಾತು ಇದ್ದರೆ ಮುಂದೆ ಕೇಳುವುದೇ ಬೇಡ.

ಕರೆ ಮುಗಿದ ಮೇಲಿನ ಐದು ನಿಮಿಷ ತುಂಬಾ ಮುಖ್ಯ. ಡಾಕ್ಟರು ಹೇಳಿದ್ದನ್ನು ಫೋನ್ ಇಡುವ ಮೊದಲೇ ಅವರಿಗೆ ತಿರುಗಿ ಹೇಳಿ: ‘ಬೆಳಿಗ್ಗೆ 18 ಇದ್ದದ್ದು 20, ರಾತ್ರಿ 12 ಹಾಗೇ, ಮುಂದಿನ ಕರೆ ಎರಡು ವಾರ ಬಿಟ್ಟು, ಸರಿಯಾ?’ ಆಮೇಲೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ, ಹಳೆಯ ಚೀಟಿಯನ್ನು ಹರಿದು ಬಿಸಾಡಿ. ಎರಡು ಚೀಟಿ ಒಟ್ಟಿಗೆ ಇದ್ದರೆ ಅಮ್ಮ ಯಾವುದನ್ನು ನೋಡುತ್ತಾರೋ ಹೇಳಲಾಗದು. ಮುಂದಿನ ತಾರೀಕು ಆಶಾ ಕಾರ್ಯಕರ್ತೆಗೂ ಗೊತ್ತಿರಲಿ. ಹೊಸ ಡೋಸ್ ಆದ ಮೇಲೆ ಒಂದೆರಡು ವಾರದಲ್ಲಿ ಕರೆ, ಅಂಕಿ ನೆಟ್ಟಗಾದ ಮೇಲೆ ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ. ಚೆನ್ನಾಗಿ ನಿಂತರೆ ಆರು ತಿಂಗಳಿಗೊಮ್ಮೆ ಸಾಕು.

ಮನೆಯ ವಾಟ್ಸಾಪ್ ಗ್ರೂಪಿನ ಬಗ್ಗೆಯೂ ಒಂದು ಮಾತು. ಗಲ್ಫಿನಲ್ಲಿರುವ ಮಕ್ಕಳಿಗೆ ಅಂಕಿ ನೋಡಿದರೆ ಸಮಾಧಾನ. ಆದರೆ 260 ಬಂದ ದಿನ ಮೂರು ದೇಶದಿಂದ ಬೈಗುಳ ಬಂದರೆ ಏನಾಗುತ್ತದೆ? ‘ಮತ್ತೆ ಹಲಸಿನ ಹಣ್ಣು ತಿಂದೆಯಾ ಅಮ್ಮಾ?’ ಮುಂದಿನ ವಾರದಿಂದ ಅಮ್ಮ ಊಟ ಬಿಟ್ಟ ದಿನವೇ ಶುಗರ್ ನೋಡುತ್ತಾರೆ. ಪುಸ್ತಕದಲ್ಲಿ ಎಲ್ಲ 130, 125. ಎಚ್‌ಬಿಎ1ಸಿ ಮಾತ್ರ 9. ಇದನ್ನು ನಂಬಿ ಡಾಕ್ಟರು ಯಾವ ಡೋಸ್ ಹೇಳಿದರೂ ತಪ್ಪೇ ಆಗುತ್ತದೆ. ಅಂಕಿ ಡಾಕ್ಟರಿಗೆ, ಸಿಸ್ಟರಿಗೆ, ಮನೆಯಲ್ಲಿ ಪಕ್ಕದಲ್ಲಿರುವ ಒಬ್ಬರಿಗೆ ಹೋದರೆ ಸಾಕು. ತಮ್ಮನಿಗೆ ತಿಂಗಳಿಗೊಮ್ಮೆ ಹೇಳಿ.

ಮಂಗಳೂರು ಬಿಡಬಹುದಾ ಅಂದರೆ, ಮೂರು ತಿಂಗಳಿಗೊಮ್ಮೆ ಹೋಗುವುದನ್ನು ಬಿಡಬಹುದು. ಆದರೆ ಫೋನಿಗೆ ಕಾಣದ ವಿಷಯಗಳಿವೆ. ಕಣ್ಣಿನ ಹಿಂಭಾಗದ ಪರದೆ, ಕಾಲಿನ ಸ್ಪರ್ಶ, ಕಿಡ್ನಿ ಹೇಗಿದೆ ಅಂತ ಹೇಳುವ ಮೂತ್ರದ ಅಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್, ಕೊಲೆಸ್ಟರಾಲ್. ಇವೆಲ್ಲ ವರ್ಷಕ್ಕೆ ಒಮ್ಮೆಯಾದರೂ ಆಗಲೇಬೇಕು. ರಕ್ತ, ಮೂತ್ರ ಹತ್ತಿರದ ಲ್ಯಾಬಿನಲ್ಲೇ ಆಗುತ್ತದೆ. ಕಣ್ಣಿಗೆ ಕೇರಳ ಸರಕಾರದ ನಯನಾಮೃತಂ ಯೋಜನೆಯಲ್ಲಿ ಕುಟುಂಬಾರೋಗ್ಯ ಕೇಂದ್ರದಲ್ಲೇ ಕಣ್ಣಿನ ಪರದೆಯ ಫೋಟೋ ತೆಗೆದು ದೂರದ ಕಣ್ಣಿನ ಡಾಕ್ಟರಿಗೆ ಕಳಿಸುವ ಕ್ರಮ ಶುರುವಾಗಿತ್ತು. ನಿಮಗೆ ಹತ್ತಿರ ಎಲ್ಲಿ ಆ ಕ್ಯಾಮೆರಾ ಇದೆ ಅಂತ ಸಿಸ್ಟರಲ್ಲಿ ಕೇಳಿ. ಸಿಗದಿದ್ದರೆ ಮಂಗಳೂರಿನ ಭೇಟಿಯಲ್ಲಿ ಸೇರಿಸಿಕೊಳ್ಳಿ. ದೃಷ್ಟಿ ಚೆನ್ನಾಗಿದೆ ಅಂತ ಬಿಡಬೇಡಿ. ಪರದೆ ಸಾಕಷ್ಟು ಹಾಳಾಗುವವರೆಗೂ ಗೊತ್ತೇ ಆಗುವುದಿಲ್ಲ.

ಕಾಲಿನ ಬಗ್ಗೆ ನಾನು ಸ್ವಲ್ಪ ಹಟಮಾರಿ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು, ಮಳೆಗಾಲದಲ್ಲಿ ಬೆರಳ ಸಂದು ಬೆಂದು ಹೋಗಿರುತ್ತದೆ, ಮುಳ್ಳು ತಾಗಿದ್ದು ಗೊತ್ತಾಗುವುದಿಲ್ಲ. ದಿನಾ ರಾತ್ರಿ ಮನೆಯವರು ಅಂಗಾಲು, ಬೆರಳ ಸಂದು ನೋಡಬೇಕು. ಏನಾದರೂ ಕಂಡರೆ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಕಳಿಸಿ. ಆದರೆ ಕಪ್ಪಾಗಿದ್ದರೆ, ಕೀವು ಅಥವಾ ವಾಸನೆ ಇದ್ದರೆ, ಕೆಂಪು ಮೇಲಕ್ಕೆ ಹರಡುತ್ತಿದ್ದರೆ ಫೋಟೋ ಕಳಿಸಿ ಉತ್ತರಕ್ಕೆ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಹಾಗೆ ಕಾಯಬಾರದ ಇನ್ನೂ ಕೆಲವು ಇವೆ. ಶುಗರ್ 300ರ ಮೇಲಿದ್ದು ವಾಂತಿ, ಏದುಸಿರು, ಮಂಪರು ಇದ್ದರೆ ನೇರ 108. ಎದೆ ಬಿಗಿತ, ಮಾತು ತೊದಲುವುದು, ಒಂದು ಬದಿ ಬಲ ಕಳೆದುಕೊಳ್ಳುವುದು, ಇದಕ್ಕೂ ಅದೇ. ವಾಂತಿ-ಭೇದಿ ಶುರುವಾದರೆ ಇನ್ಸುಲಿನ್ನನ್ನು ಪೂರ್ತಿ ನಿಲ್ಲಿಸಬೇಡಿ, ಮೆಟ್‌ಫಾರ್ಮಿನ್ ಮುಂದುವರಿಸಬೇಕಾ ಅಂತ ಆವತ್ತೇ ಕೇಳಿ. ಶುಗರ್ 70ಕ್ಕಿಂತ ಕೆಳಗೆ ಬಂದರೆ, ನಡುಕ, ಬೆವರು, ತಬ್ಬಿಬ್ಬು ಕಂಡರೆ ಕರೆ ಆಮೇಲೆ, ಮೊದಲು ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ. ಬೆಲ್ಲದ ನೀರೂ ಆದೀತು. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ, ಏರಿದ ಮೇಲೆ ಊಟ ಮಾಡಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಗ್ಲಿಮೆಪಿರೈಡಿನಿಂದ ಲೋ ಆದವರಿಗೆ, ಅದರಲ್ಲೂ ಕಿಡ್ನಿ ಸೋತಿದ್ದರೆ, ಸರಿಯಾದ ಹಾಗೆ ಕಂಡು ಕೆಲವು ಗಂಟೆಯಲ್ಲಿ ಮತ್ತೆ ಲೋ ಆಗಬಹುದು. ಒಂದು ದಿನ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತೇವೆ ಅಂದರೆ ಒಪ್ಪಿಕೊಳ್ಳಿ.

ಮಳೆಗಾಲಕ್ಕೆ ಸ್ವಲ್ಪ ಮುಂಚಿತ ತಯಾರಿ ಬೇಕು. ಕರೆಂಟ್ ಹೋದರೆ ಟವರೂ ಹೋಗುತ್ತದೆ. ವಿಡಿಯೋ ಬರದಿದ್ದರೆ ಮಾಮೂಲಿ ಕರೆಯಲ್ಲೇ ಮಾತಾಡಿ. ಮುಂದುವರಿದ ಚಿಕಿತ್ಸೆಗೆ ಧ್ವನಿ ಸಾಕು, ಅಂಕಿಯನ್ನು ಎಸ್‌ಎಂಎಸ್ ಮಾಡಿದರೂ ನಡೆಯುತ್ತದೆ. ತೆರೆದ ಇನ್ಸುಲಿನ್ ಬಾಟಲಿ ತಂಪಾದ ಜಾಗದಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ. ಹೂಜಿಯಲ್ಲಿ ನೀರು ತುಂಬಿ, ಬಾಟಲಿಯನ್ನು ಡಬ್ಬಿಯೊಳಗೆ ಮುಚ್ಚಿ ಅದರಲ್ಲಿ ಇಟ್ಟರೆ ಕರೆಂಟಿಲ್ಲದ ದಿನಕ್ಕೂ ಚಿಂತೆ ಇಲ್ಲ. ಫ್ರೀಜರಿನಲ್ಲಿ ಮಾತ್ರ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ.

ಕೊನೆಗೆ ಸೆನ್ಸರ್. ತೋಳಿಗೆ ಅಂಟಿಸಿದರೆ ಎರಡು ವಾರದ ಹಗಲು-ರಾತ್ರಿಯ ಅಂಕಿ ಕೊಡುತ್ತದೆ. ಬೆಲೆ ಕೆಲವು ಸಾವಿರ ರೂಪಾಯಿ. ನಿಮ್ಮ ಅಮ್ಮನಿಗೆ ಈಗಲೇ ಬೇಕಾಗಿಲ್ಲ. ಆ ದುಡ್ಡಿಗೆ ಎಷ್ಟೋ ತಿಂಗಳ ಸ್ಟ್ರಿಪ್ ಬರುತ್ತದೆ. ರಾತ್ರಿ ಲೋ ಆಗುತ್ತಿರುವ ಅನುಮಾನ ಇದ್ದರೆ, ಅಥವಾ ಮೀಟರಿನ ಅಂಕಿ ಚೆನ್ನಾಗಿದ್ದೂ ಎಚ್‌ಬಿಎ1ಸಿ ಇಳಿಯದಿದ್ದರೆ ಒಮ್ಮೆ ಹಾಕಿಸಬಹುದು. ಅದಕ್ಕೂ ಮೊದಲು ಹಿಮೋಗ್ಲೋಬಿನ್ ನೋಡಿಸಿ. ಕಬ್ಬಿಣದ ಅಂಶ ಕಡಿಮೆ ಇದ್ದು ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಸುಳ್ಳೇ ಜಾಸ್ತಿ ತೋರಿಸುವುದುಂಟು. ಸೆನ್ಸರ್ ಹಾಕಿಸುವುದೇ ಆದರೆ ಆ ಎರಡು ವಾರದ ಕೊನೆಗೆ ಬೀಳುವ ಹಾಗೆ ಡಾಕ್ಟರ ಕರೆಯ ತಾರೀಕನ್ನು ಮೊದಲೇ ಗೊತ್ತು ಮಾಡಿ. ಊಟದ ಹೊತ್ತು, ಇನ್ಸುಲಿನ್ ಹಾಕಿದ ಹೊತ್ತು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬನ್ನಿ. ಅದಿಲ್ಲದೆ ಬರಿಯ ಗೆರೆ ನೋಡಿ ಯಾವ ಡೋಸ್ ಬದಲಿಸಬೇಕು ಅಂತ ಡಾಕ್ಟರಿಗೂ ಹೇಳಲು ಬರುವುದಿಲ್ಲ.